ಎದೆ ತೆರೆದಿದೆ, ಮಾತು ನಿಂತಿಲ್ಲ

ಆಪರೇಷನ್ ಟೇಬಲ್ ಮೇಲೆ ಮಲಗಿದವರ ಎದೆಮೂಳೆ ಸೀಳಿದೆ. ಒಳಗೆ ಹೃದಯ ಬಡಿಯುತ್ತಲೇ ಇದೆ, ಸರ್ಜನ್ನರು ಅದಕ್ಕೆ ಹೊಸ ರಕ್ತನಾಳ ಹೊಲಿಯುತ್ತಿದ್ದಾರೆ. ಹಸಿರು ಪರದೆಯ ಈಚೆ, ತಲೆಯ ಬಳಿ ನಿಂತ ಅರಿವಳಿಕೆ ತಜ್ಞರು ‘ಹೇಗಿದ್ದೀರಿ? ಉಸಿರಾಟ ಸರಾಗ ಇದೆಯಾ?’ ಎಂದು ಕೇಳುತ್ತಾರೆ. ಮಲಗಿದವರು ಉತ್ತರ ಕೊಡುತ್ತಾರೆ. ಗಂಟಲಲ್ಲಿ ಕೊಳವೆಯಿಲ್ಲ, ಪಕ್ಕದಲ್ಲಿ ವೆಂಟಿಲೇಟರ್ ಏದುಸಿರು ಬಿಡುತ್ತಿಲ್ಲ.

ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ವೋಕಾರ್ಟ್ ಆಸ್ಪತ್ರೆಯಲ್ಲಿ ಇಂಥ ಶಸ್ತ್ರಚಿಕಿತ್ಸೆಗಳು ಒಂದರ ಹಿಂದೊಂದು ನಡೆದವು. ಸರ್ಜನ್ ಡಾ. ವಿವೇಕ ಜವಳಿ, ಅರಿವಳಿಕೆ ತಜ್ಞ ಡಾ. ಮುರಳಿ ಚಕ್ರವರ್ತಿ ಮತ್ತು ಅವರ ಸಂಗಡಿಗರು ಮಿಡಿಯುವ ಹೃದಯದ ಮೇಲೆಯೇ, ರೋಗಿಯನ್ನು ನಿದ್ದೆಗೆ ದೂಡದೆ ಮಾಡಿದ ಬೈಪಾಸ್‌ಗಳ ಪೈಕಿ ಮೊದಲ 151ರ ಲೆಕ್ಕವನ್ನು 2005ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಇನ್ನೊಂದು ಪ್ರಬಂಧ ಬಂತು. ಹಾರ್ಟ್-ಲಂಗ್ ಯಂತ್ರಕ್ಕೆ ಜೋಡಿಸಿ ಮಾಡಬೇಕಾದ ಹೃದಯ ಶಸ್ತ್ರಚಿಕಿತ್ಸೆಯನ್ನೂ ರೋಗಿ ಎಚ್ಚರವಿರುವಾಗಲೇ ಮಾಡಿದ ಅನುಭವ ಅದರಲ್ಲಿತ್ತು. ಟರ್ಕಿಯ ಅಂಕಾರಾದಲ್ಲಿ ಹಲ್ದುನ್ ಕರಗೋಜ್ ಅವರ ತಂಡ ಎಚ್ಚರದ ಬೈಪಾಸ್‌ಗೆ ದಾರಿ ಮಾಡಿಕೊಟ್ಟಿತ್ತು. ಅವರ ಮೊದಲ ಐವರು ರೋಗಿಗಳ ವರದಿ ಬಂದದ್ದು 2000ದಲ್ಲಿ. ಬೆಂಗಳೂರು ಆ ದಾರಿಯಲ್ಲಿ ಬಲುದೂರ ನಡೆಯಿತು.

ಬೆಂಗಳೂರಿನ ಈ ಕೆಲಸ ಮಂಡ್ಯ ಜಿಲ್ಲೆಯವರಿಗೆ ಯಾಕೆ ಬೇಕು? ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಹಾರ್ಟ್ ಆಪರೇಷನ್ ಮಾತು ಬಂದಾಗ ಎದೆ ಕೊಯ್ಯುವುದಕ್ಕಿಂತ ಮುಂಚೆ ಜನ ಕೇಳುವುದು ಬೇರೆಯದನ್ನು: ‘ಮತ್ತು ಕೊಟ್ಮೇಲೆ ಎಚ್ರ ಆಯ್ತದಾ ಸಾ?’ ವಯಸ್ಸಾದವರಂತೂ ಕತ್ತರಿ, ಸೂಜಿಗೆ ಅಷ್ಟು ಹೆದರುವುದಿಲ್ಲ. ಕಣ್ಣು ಮುಚ್ಚಿಸಿದ ಮೇಲೆ ಅದು ತೆರೆಯುತ್ತದೋ ಇಲ್ಲವೋ ಎಂಬ ದಿಗಿಲು ಅವರದು. ಈ ಪ್ರಶ್ನೆಯನ್ನು ಹಳ್ಳಿಯವರ ಅಂಜಿಕೆ ಎಂದು ತಳ್ಳಿಹಾಕುವಂತಿಲ್ಲ. ಹೃದಯ ತೀರಾ ಸೋತಿರುವ ಕೆಲವರ ವಿಷಯದಲ್ಲಿ ಅರಿವಳಿಕೆ ತಜ್ಞರೂ ತಮ್ಮತಮ್ಮಲ್ಲಿ ಇದೇ ಪ್ರಶ್ನೆಯನ್ನು ಚರ್ಚಿಸುತ್ತಾರೆ.

ಪೂರ್ತಿ ಅರಿವಳಿಕೆ ಎಂದರೆ ಬರೀ ನಿದ್ದೆಯಲ್ಲ. ನಿದ್ದೆ ಬರಿಸುವ ಔಷಧಿ ರಕ್ತನಾಳಗಳನ್ನು ಸಡಿಲಿಸುತ್ತದೆ, ಬಿ.ಪಿ. ಇಳಿಯುತ್ತದೆ, ಹೃದಯದ ಹಿಂಡುವ ಕಸುವೂ ಕುಗ್ಗುತ್ತದೆ. ಗಟ್ಟಿ ಹೃದಯ ಇದನ್ನು ತಡೆದುಕೊಳ್ಳುತ್ತದೆ. ಆರೋಗ್ಯವಂತರ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಶೇ 55ರಿಂದ 70ರಷ್ಟನ್ನು ಹೊರದೂಡುತ್ತದೆ. ಎಕೋ ಚೀಟಿಯಲ್ಲಿ ‘ಇ.ಎಫ್.’ ಎಂದು ಬರೆದಿರುವುದು ಅದನ್ನೇ. ಅದು 20ಕ್ಕೋ 25ಕ್ಕೋ ಇಳಿದಿರುವವರಿಗೆ ನಿದ್ದೆ ಬರಿಸುವ ಆ ಮೊದಲ ಕೆಲವು ನಿಮಿಷಗಳೇ ಕತ್ತಿಯ ಅಲಗು. ಜೊತೆಗೆ ವೆಂಟಿಲೇಟರ್. ನಾವು ಉಸಿರೆಳೆದಾಗ ಎದೆಗೂಡಿನ ಒತ್ತಡ ತಗ್ಗಿ, ರಕ್ತ ಸಲೀಸಾಗಿ ಹೃದಯಕ್ಕೆ ಮರಳುತ್ತದೆ. ಯಂತ್ರ ಗಾಳಿಯನ್ನು ಒಳಕ್ಕೆ ಒತ್ತುವುದರಿಂದ ಇದು ತಿರುಗುಮುರುಗಾಗುತ್ತದೆ. ಹೃದಯದ ಬಲಭಾಗಕ್ಕೆ ಹೊರೆ ಬೀಳುತ್ತದೆ. ಶ್ವಾಸಕೋಶವೂ ಕೆಟ್ಟಿದ್ದರೆ ಆಮೇಲೆ ಆ ಯಂತ್ರ ಬಿಡಿಸುವುದೇ ದೊಡ್ಡ ಪಾಡು. ಸೌದೆ ಒಲೆಯ ಮುಂದೆ ನಲವತ್ತು ವರ್ಷ ಊದಿದ ಅಜ್ಜಿ, ಬೀಡಿ ಬಿಡದ ಅಜ್ಜ, ಆಲೆಮನೆಯ ಹೊಗೆಯಲ್ಲಿ ಹರೆಯ ಕಳೆದವರು ನಮ್ಮ ಕಬ್ಬಿನ ಸೀಮೆಯಲ್ಲಿ ಕಡಿಮೆಯೇನಿಲ್ಲ. ಹೃದಯ, ಪುಪ್ಪುಸ ಎರಡೂ ಸೋತ ಇಂಥವರನ್ನು ನಿದ್ದೆಗೆಡವದೆ ಶಸ್ತ್ರಚಿಕಿತ್ಸೆ ಮಾಡಲಾದೀತೇ ಎಂಬ ಹುಡುಕಾಟವೇ ಎಚ್ಚರದ ಸರ್ಜರಿಯ ಬೇರು.

ಅದನ್ನು ಮಾಡುವ ಬಗೆ ಹತ್ತಿರದಿಂದ ನೋಡುವಂಥದು. ಕತ್ತು ಬಗ್ಗಿಸಿದಾಗ ಬುಡದಲ್ಲಿ ಒಂದು ಮೂಳೆ ಎದ್ದು ಕಾಣುತ್ತದಲ್ಲ, ಅಲ್ಲಿಂದ ಬೆರಳಲ್ಲಿ ಎಣಿಸುತ್ತಾ ಎದೆಭಾಗದ ಮೊದಲ ಕಶೇರುಗಳ ನಡುವಿನ ಸಂದನ್ನು ಗುರುತಿಸುತ್ತಾರೆ. ಚರ್ಮಕ್ಕೆ ಚಿಕ್ಕ ಸೂಜಿಯಿಂದ ಮರಗಟ್ಟಿಸುವ ಔಷಧಿ. ಆಮೇಲೆ ದಪ್ಪ ಸೂಜಿ, ಅದರ ಹಿಂದೆ ಸಲೈನ್ ತುಂಬಿದ ಸಿರಿಂಜ್. ಹೆಬ್ಬೆರಳಿಂದ ಒತ್ತುತ್ತಾ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದೆ ಹೋಗಬೇಕು. ಬಿಗಿಯಾದ ಪೊರೆಯೊಳಗೆ ಇರುವವರೆಗೆ ಸಿರಿಂಜ್ ಜಗ್ಗುವುದಿಲ್ಲ. ಪೊರೆ ದಾಟಿದ ಕ್ಷಣ ಒತ್ತು ತಟ್ಟನೆ ಸಡಿಲವಾಗುತ್ತದೆ. ಮಿದುಳುಬಳ್ಳಿಯ ಹೊದಿಕೆಯ ಆಚೆಗಿರುವ ಆ ಕಿರಿದಾದ ಜಾಗವೇ ಎಪಿಡ್ಯೂರಲ್. ಇನ್ನೊಂದಿಷ್ಟು ಮುಂದೆ ಹೋದರೆ ಬಳ್ಳಿಗೇ ತಾಗುವ ಅಪಾಯ. ಸೂಜಿಯೊಳಗಿಂದ ನೂಲಿನಂಥ ಕೊಳವೆ ಇಳಿಸಿ, ಸೂಜಿ ಹೊರತೆಗೆದು, ಕೊಳವೆಯನ್ನು ಬೆನ್ನಿಗೆ ಅಂಟಿಸುತ್ತಾರೆ.

ಔಷಧಿ ಹೋದ ಮೇಲೆ ಕಾಯಬೇಕು. ಸ್ಪಿರಿಟ್ ಹತ್ತಿಯನ್ನೋ ಐಸ್ ತುಂಡನ್ನೋ ಹೆಗಲಿಂದ ಕೆಳಕ್ಕೆ ತಾಗಿಸುತ್ತಾ ‘ತಣ್ಣಗಿದೆಯಾ? ಇಲ್ಲಿ?’ ಎಂದು ಕೇಳುತ್ತಾರೆ. ಕೊರಳಗೂಡಿನ ಕೆಳಗಿಂದ ಎದೆಗುಂಡಿಯವರೆಗೆ ತಂಪು ಗೊತ್ತಾಗಬಾರದು. ಆದರೆ ಔಷಧಿ ಮೇಲಕ್ಕೂ ಏರಬಾರದು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಹೋಗುವ ನರ ಹುಟ್ಟುವುದು ಕುತ್ತಿಗೆಯಲ್ಲಿ, ಮೂರನೆಯ, ನಾಲ್ಕನೆಯ, ಐದನೆಯ ನರಬೇರುಗಳಿಂದ. ಅದಕ್ಕೇ ಮತ್ತೆ ಮತ್ತೆ ‘ನನ್ನ ಕೈ ಹಿಸುಕಿ’ ಎನ್ನುತ್ತಾರೆ. ಹಿಡಿತ ಸಡಿಲವಾದರೆ ಮದ್ದು ಮೇಲೇರುತ್ತಿದೆ ಎಂದರ್ಥ. ತೋಳೆತ್ತಲೂ ಆಗದಿದ್ದರೆ ಉಸಿರಿನ ನರದ ಹತ್ತಿರ ಬಂತು ಎಂದೇ ಲೆಕ್ಕ. ಸುಮ್ಮನೆ ಕೈ ಹಿಡಿದು ಧೈರ್ಯ ಹೇಳಿದಂತೆ ಕಾಣುವ ಆ ಗಳಿಗೆಯಲ್ಲಿ ಅರಿವಳಿಕೆ ವೈದ್ಯರು ನರವ್ಯೂಹದ ನಕ್ಷೆ ಓದುತ್ತಿರುತ್ತಾರೆ.

ಎದೆಯ ಮೇಲ್ಭಾಗದ ಮೊದಲ ನಾಲ್ಕೈದು ನರಬೇರುಗಳ ಮೂಲಕವೇ ಹೃದಯವನ್ನು ಓಡಿಸುವ ಸಂದೇಶಗಳೂ ಹೋಗುತ್ತವೆ. ಅವನ್ನೂ ಮಂದಗೊಳಿಸುವುದರಿಂದ ಬಡಿತ ತಗ್ಗುತ್ತದೆ, ಹೃದಯಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಆಪರೇಷನ್ ಮುಗಿದ ಮೇಲೆ ಅದೇ ಕೊಳವೆಯಲ್ಲಿ ನೋವಿನ ಔಷಧಿ ಹರಿಸಬಹುದು. ರೋಗಿ ಕೆಮ್ಮಬಲ್ಲ, ಕಫ ತೆಗೆಯಬಲ್ಲ, ಬೇಗ ಎದ್ದು ಕೂರಬಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಇದು ಯಾವುದೋ ದೊಡ್ಡ ಪಟ್ಟಣದ ವಿದ್ಯೆ ಅನ್ನಿಸಬಹುದು. ಆದರೆ ಇದರ ಖಾಸಾ ತಮ್ಮನಂಥ ವಿಧಾನ ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿತ್ಯದ ಮಾತು. ಸಿಸೇರಿಯನ್‌ಗೆ ‘ಬೆನ್ನಿಗೆ ಇಂಜೆಕ್ಷನ್’ ಕೊಡುವುದೆಂದರೆ ಸ್ಪೈನಲ್. ಸೊಂಟದಲ್ಲಿ, ಮಿದುಳುಬಳ್ಳಿ ಕೊನೆಗೊಳ್ಳುವ ಜಾಗಕ್ಕಿಂತ ಕೆಳಗೆ, ಹೊದಿಕೆಯನ್ನು ದಾಟಿ ಒಳಗಿನ ದ್ರವಕ್ಕೇ ಔಷಧಿ ಸೇರಿಸುತ್ತಾರೆ. ಹೊಟ್ಟೆ ಕೊಯ್ದಿರುವಾಗಲೇ ತಾಯಿ ಮಗುವಿನ ಮೊದಲ ಅಳು ಕೇಳುತ್ತಾಳೆ. ಎಚ್ಚರವಿದ್ದೇ ಆಪರೇಷನ್ ಮಾಡಿಸಿಕೊಂಡ ಹೆಂಗಸು ಜಿಲ್ಲೆಯ ಯಾವ ಬೀದಿಯಲ್ಲಿಲ್ಲ? ಅವರಲ್ಲಿ ಅನೇಕರು ಇಪ್ಪತ್ತು ವರ್ಷದ ಮೇಲೂ ‘ಅವತ್ತು ಬೆನ್ಗೆ ಸೂಜಿ ಚುಚ್ಚುದ್ರಲ್ಲ, ಅದ್ಕೇ ಈ ಸೊಂಟ್ನೋವು’ ಅನ್ನುತ್ತಾರೆ. ಇಂಜೆಕ್ಷನ್ ಕೊಟ್ಟ ಜಾಗ ಕೆಲ ದಿನ ನೋಯುವುದು ನಿಜ. ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಅದು ಕಾರಣವಲ್ಲ. ಬಸುರಿ, ಬಾಣಂತನ, ಮಗು ಎತ್ತಿ ಆಡಿಸುವುದು, ಕಳೆ ಕೀಳಲು ಬಗ್ಗುವುದು ಇವೆಲ್ಲ ಸೇರಿ ತಂದ ನೋವನ್ನು ಸೂಜಿಯ ತಲೆಗೆ ಕಟ್ಟಲಾಗಿದೆ. ಈ ಒಂದು ತಪ್ಪು ನಂಬಿಕೆಯಿಂದ ಮಂಡಿ, ಹರ್ನಿಯಾ ಆಪರೇಷನ್‌ಗೆ ಬಂದವರು ತಮಗೆ ಒಳ್ಳೆಯದಾದ ಸ್ಪೈನಲ್ ಬೇಡವೆಂದು ಹಟ ಹಿಡಿಯುತ್ತಾರೆ.

ಸ್ಪೈನಲ್ ಆದ ಮೇಲೆ ತಲೆನೋವು ಬರುತ್ತದೆ ಎಂಬ ಕತೆ ಮಾತ್ರ ದಿಟ. ಸ್ಪೈನಲ್ ಹುಟ್ಟಿದ ದಿನದಿಂದಲೂ ಅದು ಜೊತೆಗಿದೆ. 1898ರ ಆಗಸ್ಟ್‌ನಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಸರ್ಜನ್ ಆಗಸ್ಟ್ ಬೀರ್ ಬೆನ್ನಹುರಿಯ ದ್ರವಕ್ಕೆ ಕೊಕೇನ್ ಸೇರಿಸಿ ಕಾಲಿನ ಶಸ್ತ್ರಚಿಕಿತ್ಸೆ ಮಾಡಿದರು. ಕೆಲ ದಿನಗಳಲ್ಲೇ ಸಹಾಯಕ ಹಿಲ್ಡೆಬ್ರಾಂಟ್ ತಮ್ಮ ಬೆನ್ನನ್ನೇ ಪ್ರಯೋಗಕ್ಕೆ ಒಡ್ಡಿದರು. ಬೀರ್ ಆ ಸಹಾಯಕರ ಮೊಣಕಾಲ ಕೆಳಗೆ ಸುತ್ತಿಗೆಯಿಂದ ಹೊಡೆದರು, ಉರಿಯುವ ಚುಟ್ಟಾ ಚರ್ಮಕ್ಕೆ ಒತ್ತಿದರು. ನೋವೇ ಇಲ್ಲ. ಆಮೇಲಿನ ದಿನಗಳಲ್ಲಿ ಇಬ್ಬರಿಗೂ ತಲೆನೋವು ಬಂತು. ಸ್ಪೇನಿನ ಸೇನಾ ಸರ್ಜನ್ ಫಿಡೆಲ್ ಪಾಜೆಸ್ 1921ರಲ್ಲಿ ಹೊದಿಕೆಯನ್ನು ಚುಚ್ಚದೆ ಹೊರಗಿನ ಜಾಗಕ್ಕೇ ಔಷಧಿ ಹಾಕುವ ಎಪಿಡ್ಯೂರಲ್ ವಿಧಾನ ವಿವರಿಸಿದರು. ಎರಡೇ ವರ್ಷದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದರಿಂದ ಅವರ ಹೆಸರು ಬಹುಕಾಲ ಮರೆಯಲ್ಲಿತ್ತು.

ಈಗ ಹೃದಯಕ್ಕೆ ಆಸರೆ ಕೊಡುವ ಪಂಪಿನ ವಿಷಯ. ಔಷಧಿ, ಸ್ಟೆಂಟ್, ಬೈಪಾಸ್ ಯಾವುದಕ್ಕೂ ಬಗ್ಗದ ಹೃದಯ ವೈಫಲ್ಯಕ್ಕೆ ಉಳಿಯುವುದು ಹೃದಯ ಕಸಿ, ಇಲ್ಲವೇ ಎಡ ಹೃತ್ಕುಕ್ಷಿಗೆ ಜೋಡಿಸುವ ಎಲ್.ವಿ.ಎ.ಡಿ. ಟೇಲ್ ಎಂಡಿನ ಗದ್ದೆಗೆ ನೀರು ತಲುಪದಿದ್ದಾಗ ಮಧ್ಯೆ ಕೂರಿಸುವ ಬೂಸ್ಟರ್ ಮೋಟರಿನಂತೆ ಅದರ ಕೆಲಸ: ಹೃದಯದ ತುದಿಯಿಂದ ರಕ್ತ ಎಳೆದು ಮಹಾಪಧಮನಿಗೆ ದೂಡುವುದು. ಈಗ ಹೆಚ್ಚು ಬಳಕೆಯಲ್ಲಿರುವ ಹಾರ್ಟ್‌ಮೇಟ್ 3ರಲ್ಲಿ ತಿರುಗುವ ಚಕ್ರ ಏನಕ್ಕೂ ತಾಗದೆ ಅಯಸ್ಕಾಂತದ ಬಲದಲ್ಲಿ ತೇಲುತ್ತಾ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಹರಿವು ಎಡೆಬಿಡದ್ದಾದ್ದರಿಂದ ಹಲವರಲ್ಲಿ ನಾಡಿ ಹಿಡಿದರೂ ಸಿಗುವುದಿಲ್ಲ, ಬಿ.ಪಿ. ನೋಡಲು ಡಾಪ್ಲರ್ ಬೇಕು. ಹೊಟ್ಟೆಯಿಂದ ಹೊರಬರುವ ಒಂದು ತಂತಿ ಸೊಂಟದ ಕಂಟ್ರೋಲರ್‌ಗೆ, ಬ್ಯಾಟರಿಗೆ ಸೇರುತ್ತದೆ. ಅಮೆರಿಕದ ಮಾಜಿ ಉಪಾಧ್ಯಕ್ಷ ಡಿಕ್ ಚೇನಿ 2010ರಲ್ಲಿ ಇದರ ಹಿಂದಿನ ಮಾದರಿಯ ಪಂಪ್ ಹಾಕಿಸಿಕೊಂಡು, 2012ರಲ್ಲಿ ಹೃದಯ ಕಸಿ ಆಗುವವರೆಗೆ ಅದರ ಬಲದಲ್ಲೇ ಬದುಕಿದ್ದರು. ದಕ್ಷಿಣ ಭಾರತದಲ್ಲಿ ಚೆನ್ನೈನ ಡಾ. ಕೆ.ಆರ್. ಬಾಲಕೃಷ್ಣನ್ ಈ ಕ್ಷೇತ್ರದ ಮುಂಚೂಣಿಯ ಸರ್ಜನ್.

ಪಂಪ್ ಬೇಕಾಗುವವರು ಯಾರು? ನಿದ್ದೆಯ ಔಷಧಿಯನ್ನು ತಡೆಯುವ ತ್ರಾಣವೇ ಇಲ್ಲದವರು. ಹಾಗಾದರೆ ಎಚ್ಚರದ ಸರ್ಜರಿ ಮೊದಲು ಸಲ್ಲಬೇಕಾದದ್ದು ಇವರಿಗೇ ಅಲ್ಲವೇ? ವಾದ ಸರಿ, ಕೆಲಸ ಕಷ್ಟ. ಪಂಪಿನ ಬಾಯಿ ಸರಿಯಾದ ದಿಕ್ಕಿಗಿದೆಯೇ, ಒಳಗೆ ಗಾಳಿಯ ಗುಳ್ಳೆ ಉಳಿದಿದೆಯೇ, ಬಲ ಹೃದಯ ತಾಳುತ್ತಿದೆಯೇ ಎಂದು ನೋಡಲು ಅನ್ನನಾಳದೊಳಗೆ ಎಕೋ ಕೊಳವೆ ಇಳಿಸಿ ಗಂಟೆಗಟ್ಟಲೆ ಇಟ್ಟಿರಬೇಕು. ಎಚ್ಚರವಿರುವವರು ಅದನ್ನು ಸಹಿಸುವುದು ದುಸ್ತರ. ಎದೆ ತೆರೆಯುವಾಗ ಪುಪ್ಪುಸದ ಹೊದಿಕೆ ಹರಿದರೆ ಸ್ವಂತ ಉಸಿರಾಟದಲ್ಲಿರುವವರ ಶ್ವಾಸಕೋಶ ಕುಸಿಯುತ್ತದೆ. ಎಚ್ಚರದ ಬೈಪಾಸ್‌ನಲ್ಲೂ ಕೆಲವರನ್ನು ಅರ್ಧದಲ್ಲೇ ಪೂರ್ತಿ ಅರಿವಳಿಕೆಗೆ ಬದಲಿಸಬೇಕಾಗಿ ಬಂದದ್ದು ಇಂಥ ಕಾರಣಗಳಿಗೆ. ಎಲ್ಲಕ್ಕಿಂತ ದೊಡ್ಡದು ರಕ್ತ ತೆಳುಮಾಡುವ ಔಷಧಿಯ ಸಮಸ್ಯೆ. ಶಸ್ತ್ರಚಿಕಿತ್ಸೆಗೆ ಹೆಪಾರಿನ್, ಪಂಪ್ ಕೂತ ಮೇಲೆ ಜೀವಮಾನವಿಡೀ ವಾರ್ಫರಿನ್. ಎಪಿಡ್ಯೂರಲ್ ಸೂಜಿಯಿಂದ ಸಣ್ಣ ರಕ್ತನಾಳ ಒಡೆದು ರಕ್ತ ಹೆಪ್ಪುಗಟ್ಟಿ ಮಿದುಳುಬಳ್ಳಿಯನ್ನು ಅದುಮಿದರೆ ಕಾಲು ಶಾಶ್ವತವಾಗಿ ಬಿದ್ದುಹೋಗಬಹುದು. ಅಪರೂಪದ ಅಪಾಯ, ಆದರೆ ಬಂದರೆ ತೆರಬೇಕಾದ ಬೆಲೆ ಘೋರ. ಬೈಪಾಸ್‌ಗೂ ಎಪಿಡ್ಯೂರಲ್ ಕೊಳವೆಯನ್ನು ಹೆಪಾರಿನ್‌ಗಿಂತ ಸಾಕಷ್ಟು ಮುಂಚೆ, ಹಿಂದಿನ ದಿನವೇ ಇಳಿಸುವ ರೂಢಿ ಬೆಳೆದದ್ದು ಈ ಭಯದಿಂದಲೇ.

ಆದ್ದರಿಂದ ಜಗತ್ತಿನ ತಂಡಗಳು ಬಳಸುದಾರಿ ಹುಡುಕಿವೆ. ಇಟಲಿಯ ಪಡುವಾದ ಸರ್ಜನ್ನರು ಸಣ್ಣ ಸೀಳಿನ ಮೂಲಕ, ಹಾರ್ಟ್-ಲಂಗ್ ಯಂತ್ರವಿಲ್ಲದೆ, ಬೆನ್ನೆಲುಬಿನ ಪಕ್ಕದ ನರಗಳನ್ನು ಮರಗಟ್ಟಿಸಿ ಪಂಪ್ ಕೂರಿಸಿದ ವಿವರವನ್ನು 2014ರಲ್ಲಿ ಪ್ರಕಟಿಸಿದರು. ಕೊರಳೆಲುಬಿನ ಕೆಳಗಿನ ಅಪಧಮನಿಯಿಂದ ತೂರಿಸುವ ಇಂಪೆಲ್ಲಾ ಎಂಬ ಕಿರುಪಂಪನ್ನು ಎದೆಯ ಮೇಲ್ಭಾಗದ ನರಗಳನ್ನು ಮರಗಟ್ಟಿಸುವ ಬ್ಲಾಕ್ ಕೊಟ್ಟು, ಲಘು ಮಂಪರಿನಲ್ಲಿ ಹಾಕಿದ ವರದಿಗಳೂ ಇವೆ. ಎಚ್ಚರದ ಎಲ್.ವಿ.ಎ.ಡಿ. ಇನ್ನೂ ಆಯ್ದ ಕೆಲವರಿಗಷ್ಟೇ ಸಲ್ಲುವ ದಾರಿ. ‘ರೋಗಿ ಹಾಡು ಹೇಳುತ್ತಿದ್ದಾಗ ಹಾರ್ಟ್ ಆಪರೇಷನ್’ ಎಂಬಂಥ ಸುದ್ದಿ ಓದಲು ಚೆಂದ, ಆದರೆ ಎಚ್ಚರವಿರುವುದು ಪೌರುಷದ ಪರೀಕ್ಷೆಯಲ್ಲ. ನಿದ್ದೆಯೇ ಅಪಾಯವಾದವರಿಗೆ ಮಾತ್ರ ಎಚ್ಚರ ಔಷಧಿ. ಉಳಿದವರಿಗೆ ಇಂದಿನ ಪೂರ್ತಿ ಅರಿವಳಿಕೆ ಬಹಳ ಸುರಕ್ಷಿತ.

ಹಾಗೆ ನೋಡಿದರೆ ಮಂಡ್ಯದ ಸಾಮಾನ್ಯ ಕುಟುಂಬಕ್ಕೆ ನಿಜವಾಗಿ ಎದುರಾಗುವ ಹೃದಯ ಸಾಧನವೇ ಬೇರೆ, ಪೇಸ್‌ಮೇಕರ್. ಅದು ಬಹುತೇಕ ಯಾವಾಗಲೂ ಎಚ್ಚರದಲ್ಲೇ ನಡೆಯುತ್ತದೆ. ಕೊರಳೆಲುಬಿನ ಕೆಳಗೆ ಲಿಗ್ನೊಕೇನ್ ಚುಚ್ಚಿ, ಬೆರಳುದ್ದ ಕೊಯ್ದು, ಅಭಿಧಮನಿಯ ಮೂಲಕ ತಂತಿಯನ್ನು ಹೃದಯಕ್ಕೆ ಇಳಿಸಿ, ಪೆಟ್ಟಿಗೆಯನ್ನು ಚರ್ಮದಡಿ ಹುದುಗಿಸುತ್ತಾರೆ. 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಅವರಿಗೆ ಮೊದಲ ಪೇಸ್‌ಮೇಕರ್ ಅಳವಡಿಸಿದಾಗ ಎದೆ ತೆರೆಯಬೇಕಾಗಿತ್ತು. ಅವರು ಒಂದಾದ ಮೇಲೊಂದು ಪೇಸ್‌ಮೇಕರ್ ಬದಲಿಸಿಕೊಳ್ಳುತ್ತಾ 2001ರವರೆಗೆ ಬಾಳಿದರು. ಅಷ್ಟರಲ್ಲಿ ಎದೆ ಕೊಯ್ಯುವ ಕೆಲಸ ಚರ್ಮದ ಮೇಲಿನ ಸಣ್ಣ ಗಾಯಕ್ಕೆ ಇಳಿದಿತ್ತು.

ಎಲ್.ವಿ.ಎ.ಡಿ.ಯಲ್ಲಿ ಅರಿವಳಿಕೆಗಿಂತ ದೊಡ್ಡ ಅಡ್ಡಿ ದುಡ್ಡು. ಯಂತ್ರ, ಆಸ್ಪತ್ರೆ ಸೇರಿ ಕೋಟಿ ರೂಪಾಯಿಯ ಆಸುಪಾಸಿನ ಮಾತು. ಆಯುಷ್ಮಾನ್ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ ಕೊಡುವ ಮಿತಿ 5 ಲಕ್ಷ. ಹೃದಯ ಚಿಕಿತ್ಸೆ ರೈತರ ಕೈಗೆಟುಕುವಂತೆ ಮಾಡಿದ ಒಂದು ದೊಡ್ಡ ಪ್ರಯತ್ನದ ನೆನಪು ಈ ಜಿಲ್ಲೆಗೆ ಉಂಟು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಹೃದಯ ಸರ್ಜನ್ ಡಾ. ದೇವಿ ಶೆಟ್ಟಿ ಅವರ ಕಲ್ಪನೆಯಂತೆ 2003ರಲ್ಲಿ ‘ಯಶಸ್ವಿನಿ’ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಖರ್ಚಿನಿಂದ ಪಾರಾಗುವ ಯೋಜನೆ. ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ಮನೆಗಳಿರುವ ಜಿಲ್ಲೆಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 2018ರಲ್ಲಿ ನಿಂತ ಯೋಜನೆ ಆಮೇಲೆ ಮತ್ತೆ ಚಾಲನೆ ಪಡೆಯಿತು. ಬೈಪಾಸ್‌ಗೆ, ವಾಲ್ವ್‌ಗೆ ಇಂಥ ಸಾಮೂಹಿಕ ಬಲ ಸಾಲುತ್ತದೆ. ಕೋಟಿಯ ಪಂಪಿಗೆ ಸಾಲದು. ನಮ್ಮ ನೆಲದಲ್ಲೇ ಅಗ್ಗದ ಪಂಪ್ ತಯಾರಾಗದೆ ಬೇರೆ ಮಾರ್ಗ ಕಾಣುತ್ತಿಲ್ಲ.

ಇನ್ನೊಂದು ಮಾತು ಕರೆಂಟಿನದು. ಪಂಪಿನ ಒಂದು ಜೊತೆ ಬ್ಯಾಟರಿ ಹೆಚ್ಚೆಂದರೆ 17 ಗಂಟೆ ಬರುತ್ತದೆ. ಮಲಗುವಾಗ ಗೋಡೆಯ ಪ್ಲಗ್ಗೇ ಆಸರೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಮಳವಳ್ಳಿ ತಾಲ್ಲೂಕಿನಲ್ಲೂ ಗಾಳಿಮಳೆಗೆ ಲೈನ್ ಬಿದ್ದರೆ ರಾತ್ರಿಯಿಡೀ ಕತ್ತಲು ತಪ್ಪಿದ್ದಲ್ಲ. ಪಂಪ್ ಹಾಕಿಸಿಕೊಂಡವರನ್ನು ಊರಿಗೆ ಕಳಿಸುವ ಮುಂಚೆ ವೈದ್ಯರು ಮನೆಯ ವೈರಿಂಗ್, ಯುಪಿಎಸ್ ವಿಚಾರಿಸುವುದು ಇದಕ್ಕಾಗಿ.

ಇಷ್ಟರ ನಡುವೆ, ಮಂಡ್ಯದವರಿಗೆ ನೇರವಾಗಿ ತಟ್ಟುವ ಬದಲಾವಣೆ ಸದ್ದಿಲ್ಲದೆ ಬಂದಿದೆ. ಜಿಲ್ಲೆಯ ಹೃದ್ರೋಗಿಗಳು ಬಸ್ಸು, ಆಂಬುಲೆನ್ಸ್ ಹಿಡಿದು ಹೋಗುವುದು ಹೆಚ್ಚಾಗಿ ಮೈಸೂರು ಅಥವಾ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ. ಬೆಂಗಳೂರಿನ ಜಯದೇವ ಸಂಸ್ಥೆಯ ಅರಿವಳಿಕೆ ವೈದ್ಯರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೃದಯ ಶಸ್ತ್ರಚಿಕಿತ್ಸೆಗೆ ಬಂದ 50 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಪಿಡ್ಯೂರಲ್, ಇನ್ನೊಂದಕ್ಕೆ ‘ಇರೆಕ್ಟರ್ ಸ್ಪೈನೆ’ ಬ್ಲಾಕ್ ಕೊಟ್ಟು ನೋವಿನ ಶಮನವನ್ನು ಹೋಲಿಸಿದರು. ಈ ಬ್ಲಾಕ್ ಮೊದಲು ವರದಿಯಾದದ್ದೇ 2016ರಲ್ಲಿ. ಇದರಲ್ಲಿ ಸೂಜಿ ಮಿದುಳುಬಳ್ಳಿಯ ಹತ್ತಿರಕ್ಕೇ ಹೋಗುವುದಿಲ್ಲ. ಅಲ್ಟ್ರಾಸೌಂಡ್ ಪರದೆ ನೋಡುತ್ತಾ, ಬೆನ್ನಿನ ಉದ್ದ ಸ್ನಾಯುವಿನ ಅಡಿಯಲ್ಲಿ, ಕಶೇರುವಿನ ಪಕ್ಕದ ಮೂಳೆಯ ಮೇಲೆ ಔಷಧಿ ಹರಡುತ್ತಾರೆ. ರಕ್ತ ಹೆಪ್ಪುಗಟ್ಟಿದರೂ ಅದುಮಿಕೊಳ್ಳಲು ಅಲ್ಲಿ ಬಳ್ಳಿಯಿಲ್ಲ. ನೋವು ತಗ್ಗಿಸುವುದರಲ್ಲಿ ಅದು ಎಪಿಡ್ಯೂರಲ್‌ಗೆ ಸರಿಸಾಟಿಯಾಗಿ ನಿಂತಿತು. ಇದು ರೋಗಿಯನ್ನು ಎಚ್ಚರವಿಟ್ಟು ಮಾಡಿದ್ದಲ್ಲ. ನಿದ್ದೆಯ ಜೊತೆಗೆ ಕೊಟ್ಟದ್ದು. ಆದರೆ ಬ್ಲಾಕ್ ಇದ್ದರೆ ನೋವಿನ ಬಲವಾದ ಮದ್ದು ಕಡಿಮೆ ಸಾಕು, ಗಂಟಲ ಕೊಳವೆ ಬೇಗ ತೆಗೆಯಬಹುದು. ಹೃದಯ ಸೋತವರಿಗೆ ಎಚ್ಚರ, ನಿದ್ದೆ ಎರಡರ ನಡುವಿನ ಈ ದಾರಿಯೇ ಮುಂದೆ ಹೆಚ್ಚು ಜನರನ್ನು ದಾಟಿಸೀತು.

ಇದೆಲ್ಲ ನಡೆಯಬೇಕಾದರೆ ಮುಖ್ಯವಾಗಿ ಬೇಕಾದದ್ದು ಅರಿವಳಿಕೆ ವೈದ್ಯರೊಂದಿಗೆ ಬಿಡುವಿನ ಮಾತುಕತೆ. ಸರ್ಜನ್ನರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಆಪರೇಷನ್ ಉದ್ದಕ್ಕೂ ಉಸಿರು, ಬಿ.ಪಿ. ಕಾದವರು ಯಾರೆಂದು ರೋಗಿಗೂ ತಿಳಿದಿರುವುದಿಲ್ಲ. ಆಪರೇಷನ್ ಹಿಂದಿನ ದಿನ ಅವರು ಹಾಸಿಗೆಯ ಬಳಿ ಬಂದು ಕೇಳುವ ಪ್ರಶ್ನೆಗಳಿಗೆ ನಾಚಿಕೆ, ಅಂಜಿಕೆ ಬಿಟ್ಟು ಉತ್ತರಿಸಬೇಕು. ಬೀಡಿ ಎಷ್ಟು, ಕುಡಿತ ಎಷ್ಟು, ಎರಡು ದಿಂಬಿಲ್ಲದೆ ಮಲಗಿದರೆ ಉಸಿರು ಕಟ್ಟುತ್ತದೆಯೇ, ಅಲ್ಲಾಡುವ ಹಲ್ಲಿದೆಯೇ, ಹಿಂದೆ ಬೆನ್ನಿಗೆ ಇಂಜೆಕ್ಷನ್ ಆಗಿದೆಯೇ. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೊಪಿಡೊಗ್ರೆಲ್ ಮಾತ್ರೆಯನ್ನು ಬೆನ್ನಿನ ಸೂಜಿಗೆ 5ರಿಂದ 7 ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಆದರೆ ತಾವಾಗಿ ನಿಲ್ಲಿಸಿದರೆ ಸ್ಟೆಂಟೇ ಕಟ್ಟಿಕೊಂಡೀತು. ‘ಬಿಳಿ ಮಾತ್ರೆ, ರಾತ್ರಿ ಒಂದು’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಮಾತ್ರೆಯ ಪಟ್ಟಿ, ಹಳೆಯ ಎಕೋ ಚೀಟಿ, ಡಿಸ್ಚಾರ್ಜ್ ಪತ್ರ ಒಂದೇ ಕವರಿನಲ್ಲಿ ಜೊತೆಗಿರಬೇಕು. ಗಟ್ಟಿ ಊಟ ಆರರಿಂದ ಎಂಟು ಗಂಟೆ ಮುಂಚೆಯೇ ನಿಲ್ಲಬೇಕು. ‘ಸುಸ್ತಾಯ್ತದೆ’ ಎಂದು ಮನೆಯವರು ಕದ್ದು ಕುಡಿಸಿದ ಒಂದು ಲೋಟ ಹಾಲು ಶ್ವಾಸಕೋಶಕ್ಕೆ ಇಳಿದು ಪ್ರಾಣ ತೆಗೆಯಬಲ್ಲದು. ಆಮೇಲೆ ರೋಗಿಯೂ ಕೇಳಬೇಕು: ನನಗೆ ಪೂರ್ತಿ ಮತ್ತೇ ಬೇಕಾ, ಆ ಭಾಗಕ್ಕಷ್ಟೇ ಮರಗಟ್ಟಿಸಿದರೆ ಆಗುತ್ತದಾ, ಆಪರೇಷನ್ ಆದ ರಾತ್ರಿ ನೋವಿಗೆ ಏನು ಕೊಡುತ್ತೀರಿ? ಎಪಿಡ್ಯೂರಲ್ ಹಾಕಿದ್ದರೆ, ಕಾಲಿನ ಜೋಮು ಬಿಟ್ಟ ಮೇಲೆ ಮತ್ತೆ ಕಾಲು ಭಾರವಾದರೆ, ಎತ್ತಲಾಗದಿದ್ದರೆ, ಬೆನ್ನಲ್ಲಿ ಹೊಸ ನೋವು ಎದ್ದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬಾರದು, ಆ ಕ್ಷಣವೇ ನರ್ಸನ್ನು ಕೂಗಬೇಕು. ಹೆಪ್ಪುಗಟ್ಟಿದ ರಕ್ತವನ್ನು ತೆಗೆದು ಕಾಲು ಉಳಿಸಿಕೊಳ್ಳಲು ಆಗ ಇರುವುದು ಕೆಲವೇ ಗಂಟೆಗಳ ಅವಧಿ.